ನನ್ನ ಎಕ್ಸೆಲ್ ಶೀಟಿನಲ್ಲಿ ಅವ್ವನ ಒಲೆ

(ಪುಣೆಯಲ್ಲಿ ಕೊಟ್ಟ ಮಾತಿನ ಬರಹರೂಪ. ಆಡುಮಾತನ್ನು ಸಾಧ್ಯವಾದಷ್ಟು ಹಾಗೇ ಉಳಿಸಿದ್ದೇವೆ.)

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಹೋದ ತಿಂಗಳು ನಿಮ್ಮ ಮನೆಯ ಕರೆಂಟ್ ಬಿಲ್ ಎಷ್ಟು ಬಂತು ಅಂತ ಗೊತ್ತಿರೋರು ಕೈ ಎತ್ತಿ. ಹಾಂ, ಬಹಳ ಜನ ಇದ್ದೀರಿ. ಈಗ, ಎಷ್ಟು ಯೂನಿಟ್ ಅಂತ ಗೊತ್ತಿರೋರು ಮಾತ್ರ ಕೈ ಮೇಲೇ ಇಟ್ಕೊಳ್ಳಿ. ಮೂರು... ನಾಲ್ಕು ಜನ. [ನಗು] ಸಂಕೋಚ ಬೇಡ. ಎರಡು ವರ್ಷದ ಹಿಂದೆ ನಾನೂ ಕೈ ಇಳಿಸುವವರ ಗುಂಪಲ್ಲೇ ಇದ್ದೆ. ಮಹಾವಿತರಣದ ಬಿಲ್ ಮೊಬೈಲಿಗೆ ಬರುತ್ತೆ, ಆಟೋ ಪೇ ಆಗುತ್ತೆ, ಮುಗೀತು.

ನಾನು ವಾಕಡ್‌ನಲ್ಲಿರ್ತೀನಿ. ಹಿಂಜವಡಿಯಲ್ಲಿ ಕೆಲಸ. ಊರು ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಒಂದು ಹಳ್ಳಿ. ಇವತ್ತು ನಾನು ಮಾತಾಡೋದು ಎರಡು ಮನೆಗಳ ಬಗ್ಗೆ. ಒಂದು ನನ್ನ ಫ್ಲ್ಯಾಟು, ಇನ್ನೊಂದು ನಮ್ಮ ಅಪ್ಪ ಅವ್ವ ಅಣ್ಣ ಇರೋ ಮನೆ. ಈ ಎರಡು ಮನೆ ಎಷ್ಟು ಇಂಧನ ಸುಡ್ತಾವೆ, ಎಷ್ಟು ಇಂಗಾಲ ಗಾಳಿಗೆ ಬಿಡ್ತಾವೆ ಅಂತ ಲೆಕ್ಕ ಹಾಕೋಕೆ ಹೋಗಿ ನಾನು ಎಲ್ಲಿ ತಪ್ಪಿದೆ ಅನ್ನೋದೇ ಈ ಕಥೆ.

ಆಫೀಸಿನಲ್ಲಿ ಪರಿಸರ ದಿನದ ಕಾರ್ಯಕ್ರಮ ಇತ್ತು. ನಮ್ಮ ಟೀಮಿನಿಂದ ಯಾರಾದರೂ ಹತ್ತು ನಿಮಿಷ ಮಾತಾಡಬೇಕು ಅಂದ್ರು. ನಾನು ಒಪ್ಕೊಂಡೆ. ನಮಗೆ ಏನು ಕೊಟ್ಟರೂ ಮೊದಲು ಎಕ್ಸೆಲ್ ತೆಗೀತೀವಲ್ಲ, ಹಾಗೆ ಒಂದು ಶೀಟ್ ಮಾಡಿದೆ. ಎಡಗಡೆ ಪುಣೆಯ ಮನೆ, ಬಲಗಡೆ ಊರಿನ ಮನೆ.

ಲೆಕ್ಕ ಕಷ್ಟದ್ದಲ್ಲ, ನೀವೂ ಮಾಡಬಹುದು. ನಾಲ್ಕು ಅಂಕಿ ನೆನಪಿಟ್ಟುಕೊಂಡರೆ ಸಾಕು. ನಮ್ಮ ದೇಶದ ಗ್ರಿಡ್‌ನಿಂದ ಒಂದು ಯೂನಿಟ್ ಕರೆಂಟ್ ಬಂದ್ರೆ ಅದರ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇರುತ್ತೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ಈ ಅಂಕಿಯನ್ನು ಪ್ರಕಟಿಸುತ್ತೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆಜಿ. ಒಂದು ಕೆಜಿ ಎಲ್‌ಪಿಜಿ ಸುಟ್ಟರೆ ಸುಮಾರು 3 ಕೆಜಿ, ಅಂದರೆ 14.2 ಕೆಜಿಯ ಒಂದು ಸಿಲಿಂಡರಿಗೆ 42 ಕೆಜಿ. ಪುಣೆಯಲ್ಲಿ ಪೈಪಿನಲ್ಲಿ ಬರೋ ಗ್ಯಾಸಿಗೆ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ 2 ಕೆಜಿ.

ಕರೆಂಟಿನ ಅಂಕಿ ಪುಣೆಗೂ ಸವಣೂರಿಗೂ ಒಂದೇ. ಯಾಕೆ ಅಂತ ಕೆಲವರು ಕೇಳಬಹುದು, ಕರ್ನಾಟಕದಲ್ಲಿ ಶರಾವತಿ ಇದೆ, ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಮಹಾರಾಷ್ಟ್ರದಲ್ಲಿ ಚಂದ್ರಪುರದ ಕಲ್ಲಿದ್ದಲು, ಹೇಗೆ ಒಂದೇ ಆಗುತ್ತೆ ಅಂತ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್‌ಗೆ ಜೋಡಿಸಿದ್ರು. ಜೋಡಿಸಿದ್ದು ಯಾವ ಲೈನಿನಿಂದ ಗೊತ್ತಾ? ರಾಯಚೂರು–ಸೊಲ್ಲಾಪುರ, 765 ಕಿಲೋವೋಲ್ಟ್. ನಾವು ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಬಂದ ದಾರಿಯಲ್ಲೇ ಕರೆಂಟೂ ಓಡಾಡ್ತದೆ. ಅವತ್ತಿಂದ ನನ್ನ ಫ್ಲ್ಯಾಟೂ ಅವ್ವನ ಮನೆಯೂ ಒಂದೇ ಗ್ರಿಡ್ಡಿನ ಮೇಲೆ ಇದಾವೆ.

ಈಗ ಶೀಟು. ನನ್ನ ಮನೆಯಲ್ಲಿ ಮೂರು ಜನ. ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 310 ಯೂನಿಟ್. ಅಂದರೆ 217 ಕೆಜಿ. ಪೈಪ್ ಗ್ಯಾಸ್ 12 ಘನ ಮೀಟರ್, 24 ಕೆಜಿ. ಕಾರಿಗೆ 60 ಲೀಟರ್ ಪೆಟ್ರೋಲ್, 138 ಕೆಜಿ. ಇನ್ನೊಂದು ಸಾಲು ನಾನು ಮೊದಲು ಮರೆತಿದ್ದೆ. ನನ್ನ ಹೆಂಡತಿ ನೆನಪಿಸಿದಳು. ಲಿಫ್ಟು, ನೀರು ಮೇಲೆತ್ತೋ ಪಂಪು, ಪಾರ್ಕಿಂಗ್ ಲೈಟು, ಇದೆಲ್ಲ ನಮ್ಮ ಬಿಲ್ಲಿನಲ್ಲಿ ಇರಲ್ಲ, ಮೇಂಟೆನೆನ್ಸ್‌ನಲ್ಲಿ ಹೋಗುತ್ತೆ. ಸೊಸೈಟಿಯ ಬಿಲ್ಲನ್ನು ಫ್ಲ್ಯಾಟುಗಳಿಗೆ ಹಂಚಿದರೆ ನಮ್ಮ ಪಾಲಿಗೆ ಇನ್ನೂ 60 ಯೂನಿಟ್, 42 ಕೆಜಿ. ಎಲ್ಲಾ ಕೂಡಿಸಿದರೆ ತಿಂಗಳಿಗೆ 421 ಕೆಜಿ. ತಲೆಗೆ 140.

ಊರಿನ ಮನೆಯಲ್ಲಿ ಆರು ಜನ. ಕರೆಂಟು 70 ಯೂನಿಟ್, 49 ಕೆಜಿ. ಗೃಹಜ್ಯೋತಿ ಬಂದ ಮೇಲೆ ಹೆಸ್ಕಾಂ ಬಿಲ್ಲು ಸೊನ್ನೆ. ಎರಡು ತಿಂಗಳಿಗೆ ಒಂದು ಸಿಲಿಂಡರ್, ತಿಂಗಳಿಗೆ 21 ಕೆಜಿ. ಅಣ್ಣನ ಬೈಕಿಗೆ 12 ಲೀಟರ್ ಪೆಟ್ರೋಲ್, 28 ಕೆಜಿ. ಒಟ್ಟು 98. ತಲೆಗೆ 16 ಕೆಜಿ.

ಒಂದು ನೂರಾ ನಲವತ್ತು, ಒಂದು ಹದಿನಾರು. ಸುಮಾರು ಒಂಬತ್ತು ಪಟ್ಟು. ಬೇಸಿಗೆಯಲ್ಲಿ ನಮ್ಮ ಬೆಡ್‌ರೂಮಿನ ಒಂದೂವರೆ ಟನ್ ಎಸಿ ಒಂದು ರಾತ್ರಿ ಓಡಿದರೆ ಸುಮಾರು 8 ಯೂನಿಟ್. ಊರಿನಲ್ಲಿ ಆರು ಜನಕ್ಕೆ ಮೂರು ದಿನಕ್ಕೆ ಸಾಕಾಗೋ ಕರೆಂಟು ಅದು.

ನನಗೆ ಸ್ಲೈಡು ಸಿಕ್ತು. ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯೋ ಒಂದು ಫೋಟೋ ಇತ್ತು ನನ್ನ ಹತ್ರ. ಹಿಂದಿನ ಕಿಟಕಿಯಿಂದ ಬಿಸಿಲು, ಅದರಲ್ಲಿ ಹೊಗೆ, ಬಹಳ ಚಂದ ಬಂದಿತ್ತು. ಅದನ್ನ ಹಾಕಿ ಕೆಳಗೆ 'ನನ್ನ ತಾಯಿ, ನಮ್ಮ ಮನೆಯ ಹವಾಮಾನ ಹೀರೋ' ಅಂತ ಬರೆದೆ. ಚಪ್ಪಾಳೆ ಬಿತ್ತು. ಫೋಟೋ ಆಫೀಸಿನ ಗ್ರೂಪಲ್ಲೆಲ್ಲ ಓಡಾಡ್ತು.

ಅದಾಗಿ ಐದು ತಿಂಗಳಿಗೆ ದೀಪಾವಳಿಗೆ ಊರಿಗೆ ಹೋದೆ. ಅವ್ವನಿಗೆ ಕೆಮ್ಮು. ಮಳೆಗಾಲದಿಂದ ಹಂಗೇ ಐತಿ ಅಂದಳು ಅತ್ತಿಗೆ. ಫೋನಲ್ಲಿ ಯಾವತ್ತೂ ಹೇಳಿರಲಿಲ್ಲ. ರಾತ್ರಿ ಎದ್ದು ಕೂತು ಉಸಿರು ತಗೊಳ್ತಿದ್ದಳು. ಹುಬ್ಬಳ್ಳಿಗೆ ಕರ್ಕೊಂಡು ಹೋದ್ವಿ. ಡಾಕ್ಟ್ರು ಒಂದು ಕೊಳವೆಯಲ್ಲಿ ಜೋರಾಗಿ ಊದಿಸಿದ್ರು, ಎಕ್ಸ್‌ರೇ ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ರು, "ಇವರು ಬೀಡಿ ಏನಾದ್ರೂ ಸೇದ್ತಾರೇನು?"

ಅವ್ವನಿಗೆ ಆ ನೋವಿನಲ್ಲೂ ನಗು ಬಂತು. "ಬೀಡಿ ಅಲ್ರೀ ಸರ, ನಾ ಎಲಿ ಅಡಕಿನೂ ತಿನ್ನೂದಿಲ್ಲ."

"ಹಂಗಾದ್ರ ಕಟ್ಟಿಗಿ ಒಲಿ ಎಷ್ಟು ವರ್ಷದಿಂದ?"

ಅವ್ವ ಲೆಕ್ಕ ಹಾಕಿದಳು. ಮದುವಿಗಿಂತ ಮೊದಲು ತವರುಮನೆಯಲ್ಲಿ ಹತ್ತು ವರ್ಷದವಳಿದ್ದಾಗ ಶುರು. ಐವತ್ತು ವರ್ಷ ಆಗಿತ್ತು. ಡಾಕ್ಟ್ರು ಸಿಒಪಿಡಿ ಅಂತ ಬರೆದ್ರು. ಶ್ವಾಸಕೋಶದ ದೀರ್ಘಕಾಲದ ಕಾಯಿಲೆ. ಪೂರ್ತಿ ವಾಸಿ ಆಗಲ್ಲ, ಹೆಚ್ಚಾಗದ ಹಾಗೆ ನೋಡ್ಕೋಬಹುದು. ಇನ್‌ಹೇಲರ್ ಕೊಟ್ಟು, "ಮೊದಲು ಹೊಗಿ ಬಿಡಿಸ್ರಿ" ಅಂದ್ರು.

ವಾಪಸ್ ಬರುವಾಗ ನನ್ನ ತಲೆಯಲ್ಲಿ ಆ ಸ್ಲೈಡು ಓಡ್ತಾ ಇತ್ತು. ಚಪ್ಪಾಳೆ ತಗೊಂಡ ಫೋಟೋದಲ್ಲಿ ಚಂದ ಕಂಡಿದ್ದು ಬಿಸಿಲಲ್ಲ, ಆ ಹೊಗೆ.

ಮನೆಗೆ ಬಂದು ಶೀಟು ಮತ್ತೆ ತೆಗೆದೆ. ಒಂದು ಸಾಲು ಬಿಟ್ಟುಹೋಗಿತ್ತು. ಕಟ್ಟಿಗೆಯ ಸಾಲು. ಯಾಕೆ ಬಿಟ್ಟೆ ಅಂದರೆ, ಅದಕ್ಕೆ ಬಿಲ್ಲಿಲ್ಲ. ನಾನು ಬಿಲ್ಲುಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿದ್ದೆ. ಬಿಲ್ಲಿಲ್ಲದ್ದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.

ಅಣ್ಣನಿಗೆ ಫೋನ್ ಮಾಡಿ, ಒಂದು ವಾರ ಕಟ್ಟಿಗೆ ತೂಗು ಅಂದೆ. ಅವನು ಬೈದ. "ನಿನಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನಲೇ?" ಆದ್ರೂ ತೂಗಿದ. ಅಡುಗೆಗೂ ಜಳಕದ ಹಂಡೆಗೂ ಸೇರಿ ದಿನಕ್ಕೆ ಹತ್ತಿರ ಹತ್ತಿರ 6 ಕೆಜಿ. ಹತ್ತಿಕಟಗಿ, ಗೋವಿನಜೋಳದ ಬೆಂಡು, ಹೊಲದ ಬದುವಿನ ಬೇಲಿಜಾಲಿ. ತಿಂಗಳಿಗೆ 180 ಕೆಜಿ.

ಒಣ ಕಟ್ಟಿಗೆ ಒಂದು ಕೆಜಿ ಸುಟ್ಟರೆ ಸುಮಾರು 1.7 ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ 306 ಕೆಜಿ. ಊರಿನ ಮನೆಯ 98ಕ್ಕೆ ಇದನ್ನ ಕೂಡಿಸಿದೆ. 404. ಪುಣೆಯ ನನ್ನ ಮನೆ 421. ಎರಡು ಮನೆ ಸಮ ಸಮ ಆಗಿಹೋದವು!

ನನ್ನಂಥ ಇಂಜಿನಿಯರಿಗೆ ಇಲ್ಲಿ ಒಂದು ದುಷ್ಟ ಸಮಾಧಾನ ಆಗುತ್ತೆ. ನೋಡ್ರಪ್ಪಾ, ಹಳ್ಳಿಯೂ ಅಷ್ಟೇ ಹೊಗೆ ಬಿಡ್ತದೆ, ನನ್ನೊಬ್ಬನದೇ ತಪ್ಪಲ್ಲ. ಈ ವಾದ ದೊಡ್ಡ ದೊಡ್ಡ ಸಭೆಗಳಲ್ಲೂ ನಡೆಯುತ್ತೆ. ಆದರೆ ಇದು ತಪ್ಪು. ಹತ್ತಿ ಕಟಗಿ ಸುಟ್ಟಾಗ ಹೋದ ಇಂಗಾಲವನ್ನು ಮುಂದಿನ ವರ್ಷದ ಹತ್ತಿ ಗಿಡ ಗಾಳಿಯಿಂದ ಮತ್ತೆ ಎಳ್ಕೊಳ್ಳುತ್ತೆ. ಬೇಲಿಜಾಲಿ ಕಡಿದಷ್ಟೂ ಚಿಗುರುತ್ತೆ, ನಿಮಗೆಲ್ಲ ಗೊತ್ತು. ಕಾಡನ್ನೇ ಕಡಿದು, ಮತ್ತೆ ಬೆಳೆಯದ ಹಾಗೆ ಸುಟ್ಟರೆ ಆ ಲೆಕ್ಕ ಬೇರೆ. ನಮ್ಮ ಊರಿನ ಮಟ್ಟಿಗೆ ಇದು ಸುತ್ತುವ ಇಂಗಾಲ. ನನ್ನ ಕಾರಿನದು, ಚಂದ್ರಪುರದ ಕಲ್ಲಿದ್ದಲಿನದು, ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲ. ಹೊರಗೆ ಬಂದ್ರೆ ಬಂತು. ಹಾಗಾಗಿ 306ನ್ನು ಹಾಗೇ ಕೂಡಿಸೋ ಹಾಗಿಲ್ಲ.

ಹಾಗಂತ ಸೊನ್ನೆ ಅಂತ ಬರೆಯೋ ಹಾಗೂ ಇಲ್ಲ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆ ಪೂರ್ತಿ ಉರಿಯಲ್ಲ. ಮಸಿ ಬರುತ್ತೆ, ಮೀಥೇನ್ ಬರುತ್ತೆ, ಎರಡೂ ಭೂಮಿಯನ್ನ ಬಿಸಿ ಮಾಡ್ತಾವೆ. ಆ ಮಸಿ ಆಕಾಶಕ್ಕೆ ಹೋಗೋ ಮುಂಚೆ ಒಂದು ಕಡೆ ನಿಲ್ಲುತ್ತೆ. ಅವ್ವನ ಎದೆಯಲ್ಲಿ.

ಹಾಗಾದ್ರೆ ಸರಿಯಾದ ಪ್ರಶ್ನೆ ಏನು? ನಾನು ಹಿಂಗೆ ಕೇಳ್ಕೊಂಡೆ: ಅವ್ವ ಈ ಕಟ್ಟಿಗೆಯನ್ನೆಲ್ಲ ಬಿಟ್ಟು ಪೂರ್ತಿ ಗ್ಯಾಸಿಗೆ ಬಂದ್ರೆ ಭೂಮಿಗೆ ಎಷ್ಟು ಭಾರ ಹೆಚ್ಚುತ್ತೆ?

ಇದಕ್ಕೆ ಎಂಟೆಕ್ ಬೇಕಿಲ್ಲ, ಪಿಯುಸಿ ಸಾಕು. ಕಟ್ಟಿಗೆಯಲ್ಲಿ ಕೆಜಿಗೆ ಸುಮಾರು 15 ಮೆಗಾಜೌಲ್ ಶಾಖ. 180 ಕೆಜಿಗೆ 2700. ಹಳೇ ಒಲೆಯಲ್ಲಿ ಅದರ ಶೇಕಡಾ 10ರಿಂದ 15 ಮಾತ್ರ ಪಾತ್ರೆಗೆ ಹತ್ತುತ್ತೆ, ಉಳಿದದ್ದು ಗೋಡೆಗೆ, ಗಾಳಿಗೆ, ಕೂತವರ ಮುಖಕ್ಕೆ. ಶೇಕಡಾ 12 ಅಂತ ಹಿಡಿದರೆ ಸುಮಾರು 325 ಮೆಗಾಜೌಲ್. ಒಂದು ಸಿಲಿಂಡರಿನಲ್ಲಿ ಸುಮಾರು 650 ಇರುತ್ತೆ, ಅದರಲ್ಲಿ ಶೇಕಡಾ 60 ಪಾತ್ರೆಗೆ ಸಿಗುತ್ತೆ, 390. ಅಂದರೆ ತಿಂಗಳಿಡೀ ಹೊತ್ತು ತಂದ 180 ಕೆಜಿ ಕಟ್ಟಿಗೆಯ ಕೆಲಸ ಒಂದು ಸಿಲಿಂಡರಿಗಿಂತ ಕಡಿಮೆಯಲ್ಲಿ ಆಗಿಹೋಗುತ್ತೆ. ಅದರ ಇಂಗಾಲ 35 ಕೆಜಿ.

ಮೂವತ್ತೈದು ಕೆಜಿ. ನನ್ನ ಕಾರಿನ ಒಂದು ವಾರದ ಪೆಟ್ರೋಲು.

ದೀಪಾವಳಿಗೆ ನಾನು ಕಾರಿನಲ್ಲಿ ಊರಿಗೆ ಹೋಗಿ ಬಂದಿದ್ದೆ. ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್. 67 ಲೀಟರ್, 150 ಕೆಜಿ. ಮೂರೂವರೆ ಸಿಲಿಂಡರ್. ಅವ್ವನನ್ನ ಹೊಗೆಯಿಂದ ನಾಲ್ಕು ತಿಂಗಳು ಹೊರಗಿಡೋಕೆ ಬೇಕಾದ ಇಂಗಾಲವನ್ನ ನಾನು ಒಂದು ಹಬ್ಬದ ಓಡಾಟದಲ್ಲಿ ಸುಟ್ಟಿದ್ದೆ.

ಈ ಮಾತನ್ನು ನನಗಿಂತ ಮುಂಚೆ ಹೇಳಿದವರಿದ್ದಾರೆ. ಅಡುಗೆಮನೆ ಹೊಗೆಯ ಬಗ್ಗೆ ಭಾರತದಲ್ಲಿ 1980ರ ದಶಕದಿಂದ ಕೆಲಸ ಮಾಡಿದ ಕಿರ್ಕ್ ಸ್ಮಿತ್ ಅನ್ನೋ ವಿಜ್ಞಾನಿ 2002ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪೆಟ್ರೋಲಿಯಮ್ಮನ್ನು ಹೊಗಳಬಹುದೇ ಅನ್ನೋ ಅರ್ಥದ ತಲೆಬರಹ ಕೊಟ್ಟೇ ಬರೆದರು. ಬಡವರ ಒಲೆಗೆ ಗ್ಯಾಸ್ ಕೊಡೋದಕ್ಕೆ ಹವಾಮಾನದ ನೆಪ ಹೇಳಬೇಡಿ ಅನ್ನೋದು ಅವರ ವಾದದ ಸಾರ.

ಇನ್ನೊಬ್ಬರು ನಮ್ಮವರೇ. ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. 1974ರಲ್ಲಿ ಅಲ್ಲಿ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿ, ಲ್ಯಾಬ್ ಬಿಟ್ಟು ಹಳ್ಳಿಗೆ ಹೋದರು. ನಮ್ಮಲ್ಲಿ ಕೆಲವರ ಮನೆಯಲ್ಲಿ ಹೊಗೆಕೊಳವೆ ಇರೋ 'ಅಸ್ತ್ರ ಒಲೆ' ನೋಡಿರ್ತೀರಿ, ಅದರ ಹೆಸರು ಬಂದದ್ದು ಅಲ್ಲಿಂದ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಸಣ್ಣ ಊರಿನಲ್ಲಿ ಅವರ ತಂಡ 1970ರ ದಶಕದ ಕೊನೆಯಲ್ಲಿ ಇಂಧನದ ಲೆಕ್ಕ ಮಾಡ್ತು. ನಾನು ಅಣ್ಣನಿಗೆ ಒಂದು ವಾರ ತೂಗಿಸಿದ್ದನ್ನ ಅವರು ಇಡೀ ಊರಿಗೆ ಮಾಡಿದ್ರು.

ಏನು ಸಿಕ್ತು? ಊರಿನ ಇಂಧನದಲ್ಲಿ ಶೇಕಡಾ 89 ಕಟ್ಟಿಗೆ. ಕರೆಂಟು ಶೇಕಡಾ 1ರ ಆಸುಪಾಸು. ಅವರು ಇನ್ನೊಂದು ಸಾಲು ಸೇರಿಸಿದ್ರು, ಅದು ನನ್ನ ಶೀಟಿನಲ್ಲಿ ಇರಲೇ ಇಲ್ಲ. ಮನುಷ್ಯರ ಶ್ರಮ. ಕಟ್ಟಿಗೆ ಆರಿಸೋದು, ನೀರು ಹೊರೋದು, ದನ ಮೇಯಿಸೋದು, ಒಲೆ ಮುಂದೆ ಕೂರೋದು. ಇದನ್ನೂ ಇಂಧನ ಅಂತ ಗಂಟೆ ಲೆಕ್ಕದಲ್ಲಿ ಅಳೆದ್ರು. ಅದರಲ್ಲಿ ಹೆಚ್ಚಿನ ಪಾಲು ಹೆಂಗಸರದು, ಮಕ್ಕಳದು. ಜನಕ್ಕೆ ಬೇಕಾಗಿರೋದು ಕಿಲೋವ್ಯಾಟ್ ಅಲ್ಲ. ಬೆಂದ ಅನ್ನ, ಬೆಳಕು, ಮನೆ ಬಾಗಿಲಲ್ಲಿ ನೀರು. ಅದು ಎಷ್ಟು ಕಡಿಮೆ ಇಂಧನದಲ್ಲಿ ಸಿಗುತ್ತೆ ನೋಡಿ ಅನ್ನೋದು ರೆಡ್ಡಿಯವರು ಜೀವನವಿಡೀ ಹೇಳಿದ ಮಾತು.

ಪುರದಲ್ಲಿ ಇನ್ನೊಂದು ಪಾಠ ಇದೆ. ಸಗಣಿ ಗ್ಯಾಸಿನಿಂದ ಇಡೀ ಊರಿಗೆ ಅಡುಗೆ ಮಾಡಿಸಬೇಕು ಅಂತ ಮೊದಲು ಹೊರಟರು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ, ಆ ಯೋಜನೆ ನಿಂತಿತು. ಆಮೇಲೆ ಊರಿನವರನ್ನು ಕೇಳಿದರೆ ಬೇಕಾಗಿದ್ದು ನೀರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ನಲ್ಲಿ ನೀರು, ದೀಪ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರ ವಾಪಸ್, ಜೊತೆಗೆ ಹೊತ್ತು ತಂದಿದ್ದಕ್ಕೆ ಕಾಸು. ಹಲವು ವರ್ಷ ನಡೀತು. ಅಂದರೆ, ಕೇಳದೇ ಪರಿಹಾರ ಕೊಡಬಾರದು. ಇದನ್ನ ಓದಿಯೂ ನಾನು ಅದೇ ತಪ್ಪು ಮಾಡಿದೆ, ಹೇಳ್ತೀನಿ ಇರಿ.

ಮೊದಲು ಒಂದೆರಡು ದೊಡ್ಡ ಅಂಕಿ, ಇದು ನನ್ನ ಒಂದು ಮನೆಯ ಕಥೆ ಅಷ್ಟೇ ಅಲ್ಲ ಅಂತ ಗೊತ್ತಾಗಲಿ. 2021ರಲ್ಲಿ ಜಪಾನಿನ ಕ್ಯೋಟೋದ ಸಂಶೋಧಕರಿದ್ದ ಒಂದು ತಂಡ ನಮ್ಮ ದೇಶದ 600ಕ್ಕೂ ಹೆಚ್ಚು ಜಿಲ್ಲೆಗಳ ಮನೆಗಳ ಇಂಗಾಲದ ಲೆಕ್ಕ ಪ್ರಕಟಿಸಿತು. ಊಟ, ಬಟ್ಟೆ, ಓಡಾಟ, ಕರೆಂಟು ಎಲ್ಲಾ ಸೇರಿ. ಸರಾಸರಿ ಭಾರತೀಯನದು ವರ್ಷಕ್ಕೆ 0.56 ಟನ್. ಬಡವರದು 0.19. ಉಳ್ಳವರದು 1.32. ಏಳು ಪಟ್ಟು. ನನ್ನ ಶೀಟಿನಲ್ಲಿ ಬರೀ ಮನೆಯ ಇಂಧನ ಮತ್ತು ವಾಹನ ಸೇರಿಯೇ ನನ್ನ ತಲೆಗೆ ವರ್ಷಕ್ಕೆ 1.7 ಟನ್. ಅಂದರೆ ನಾನು ಎಲ್ಲಿ ನಿಂತಿದ್ದೀನಿ ಅಂತ ನನಗೆ ಗೊತ್ತಾಯ್ತು. ನಾವು ಐಟಿಯವರು ಇಎಂಐ ಕಟ್ಟಿ ಕಟ್ಟಿ ಮಿಡಲ್ ಕ್ಲಾಸ್ ಅಂದ್ಕೊಂಡಿರ್ತೀವಿ. ಇಂಗಾಲದ ಲೆಕ್ಕದಲ್ಲಿ ಅಲ್ಲ.

2007ರಲ್ಲೇ ಗ್ರೀನ್‌ಪೀಸ್ ಇಂಡಿಯಾ ಒಂದು ವರದಿ ಮಾಡಿತ್ತು, ಅದರ ಹೆಸರನ್ನ ಕನ್ನಡದಲ್ಲಿ ಹೇಳೋದಾದ್ರೆ 'ಬಡವರ ಬೆನ್ನ ಹಿಂದೆ ಅಡಗಿ'. ಭಾರತದ ತಲಾ ಲೆಕ್ಕ ಸುಮಾರು 2 ಟನ್, ಅಮೆರಿಕದ್ದು 14ರ ಆಸುಪಾಸು ಅಂತ ನಾವು ಹೇಳ್ತೀವಿ. ನಿಜವೇ. ಆದರೆ ಆ ಸರಾಸರಿಯನ್ನು ಕೆಳಗೆ ಎಳೆದು ಇಟ್ಟಿರೋರು ಯಾರು? ಅವ್ವನಂಥವರು. ನನ್ನ ಎಸಿ ಅವಳ ಒಲೆಯ ಹಿಂದೆ ಅಡಗಿ ಕೂತಿದೆ.

ಇದು ಹೊಸದೂ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು, 1905ರಲ್ಲಿ ಬೆಂಗಳೂರಿಗೆ ಬೀದಿದೀಪ ಬಂತು. ತಂತಿ ಹಾದು ಹೋದ ಊರುಗಳಿಗೆ ಬೆಳಕು ಬರೋಕೆ ಎಷ್ಟೋ ದಶಕ ಬೇಕಾಯ್ತು. ಇಲ್ಲೇ ನೋಡಿ. ನಾವು ಹಿಂಜವಡಿ ಹಿಂಜವಡಿ ಅಂತೀವಲ್ಲ, ಅದು ಯಾವ ತಾಲ್ಲೂಕು? ಮುಳಶಿ. ಮಳೆಗಾಲದಲ್ಲಿ ಭಜಿ ತಿನ್ನೋಕೆ, ಫೋಟೋ ತೆಗೆಯೋಕೆ ಹೋಗ್ತೀವಲ್ಲ, ಆ ಮುಳಶಿ ಅಣೆಕಟ್ಟು ಕಟ್ಟಿದ್ದು ಮುಂಬಯಿಗೆ ಕರೆಂಟು ಕೊಡೋಕೆ. 1921ರಲ್ಲಿ ಅದರ ವಿರುದ್ಧ ರೈತರು ಸತ್ಯಾಗ್ರಹ ಮಾಡಿದ್ರು. ಮುಂದೆ ನಿಂತವರು ಪಾಂಡುರಂಗ ಮಹಾದೇವ ಬಾಪಟ್, ಆ ಹೋರಾಟದಿಂದಲೇ ಅವರಿಗೆ 'ಸೇನಾಪತಿ' ಅನ್ನೋ ಹೆಸರು ಬಂತು. ನಮ್ಮಲ್ಲಿ ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನವರು ಭೂಮಿಯ ಹಕ್ಕಿಗೆ ಇನ್ನೂ ಓಡಾಡ್ತಿದ್ದಾರೆ. ನಗರದ ಸ್ವಿಚ್ಚಿನ ಇನ್ನೊಂದು ತುದಿ ಯಾವಾಗಲೂ ಯಾರದೋ ಊರಲ್ಲಿರುತ್ತೆ.

ಸರಿ, ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ.

ಹುಬ್ಬಳ್ಳಿಯಿಂದ ಬಂದ ಮೇಲೆ ನಾನು ಅವ್ವನಿಗೆ ಎರಡನೇ ಸಿಲಿಂಡರ್ ತೆಗೆಸಿದೆ, ಮೂರು ಬರ್ನರಿನ ಒಲೆ ಕಳಿಸಿದೆ, ಕೆಲಸ ಮುಗೀತು ಅಂದ್ಕೊಂಡೆ. ಸಂಕ್ರಾಂತಿಗೆ ಹೋದ್ರೆ ಕಟ್ಟಿಗೆ ಒಲೆ ಉರೀತಾನೇ ಇದೆ. ನನಗೆ ಸಿಟ್ಟು ಬಂತು.

"ಅವ್ವಾ, ಗ್ಯಾಸ್ ಐತಲ್ಲ, ಮತ್ತ ಯಾಕ ಕಟ್ಟಿಗಿ ಹಚ್ತಿ?"

"ಗ್ಯಾಸು ಚಹಾಕ್ಕ, ಹಾಲಿಗೆ. ರೊಟ್ಟಿಗೂ ಜಳಕಕ್ಕೂ ಹಚ್ಚಿದ್ರ ಇಪ್ಪತ್ತು ದಿನಕ್ಕ ಖಾಲಿ. ಎಂಟನೂರು ಚಿಲ್ರ ರೂಪಾಯಿ. ಪ್ರತಿ ಸಲ ನಿಮ್ಮಣ್ಣನ ಮುಂದ ಕೈ ಚಾಚಲೇನು? ಕಟ್ಟಿಗಿ ಪುಕ್ಕಟ ಐತಿ."

ಅಣ್ಣನೂ ಕೆಟ್ಟವನಲ್ಲ. ಗೋವಿನಜೋಳದ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ, ಸಿಲಿಂಡರ್ ತಿಂಗಳಿಗೊಮ್ಮೆ ಮುಗಿಯುತ್ತೆ. ನಾನು ಒಲೆ ಕೊಡಿಸಿದ್ದೆ, ಉರಿ ಕೊಡಿಸಿರಲಿಲ್ಲ. ದೇಶದಲ್ಲೂ ಆಗಿರೋದು ಇದೇ. 2016ರ ಮೇ 1ರಂದು ಬಲಿಯಾದಲ್ಲಿ ಉಜ್ವಲಾ ಯೋಜನೆ ಶುರುವಾಯ್ತು. ಹತ್ತು ಕೋಟಿಗೂ ಹೆಚ್ಚು ಮನೆಗೆ ಗ್ಯಾಸ್ ಸಂಪರ್ಕ ಸಿಕ್ಕಿದೆ, ಸಣ್ಣ ಕೆಲಸ ಅಲ್ಲ. ಆದರೆ ಆ ಮನೆಗಳು ವರ್ಷಕ್ಕೆ ತುಂಬಿಸೋ ಸಿಲಿಂಡರ್ ಸರಾಸರಿ ನಾಲ್ಕರ ಆಸುಪಾಸು. ಉಳಿದ ಅಡುಗೆ ಯಾವುದರಲ್ಲಿ ಆಗುತ್ತೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡೋ ಮನೆಗಳು ನಗರದಲ್ಲಿ ಶೇಕಡಾ 89.7, ಹಳ್ಳಿಯಲ್ಲಿ 43.2.

ಆಗ ನಾನು ಮಾಡಬೇಕಾಗಿದ್ದನ್ನ ಮಾಡಿದೆ. ಅವ್ವನ ಪಕ್ಕ ಕೂತು ಕೇಳಿದೆ, ನಿನಗೆ ಯಾವುದು ಬಹಳ ತ್ರಾಸು ಅಂತ. ಅವಳು ಹೇಳಿದ್ದು ಅಡುಗೆಯಲ್ಲ. "ನಸುಕಿನ್ಯಾಗ ಎದ್ದು ಹಂಡೇಕ ಉರಿ ಹಚ್ಚೂದು. ಥಂಡಿ, ಹಸಿ ಕಟ್ಟಿಗಿ, ಊದೀ ಊದೀ ಎದಿ ಬಿಗೀತದ." ನನಗೆ ಹೊಳೆದೇ ಇರಲಿಲ್ಲ. ನಾನು ಎಲ್ಲಾ ದುಡ್ಡನ್ನೂ ಅಡುಗೆಮನೆಗೆ ಹಾಕಿದ್ದೆ, ಅವಳ ಸಮಸ್ಯೆ ಬಚ್ಚಲುಮನೆಯಲ್ಲಿತ್ತು.

ಮಾಳಿಗೆ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿದ್ವಿ. ನಮ್ಮ ಕಡೆ ಬಿಸಿಲಿಗೇನು ಕೊರತೆ? ಹಂಡೆ ಈಗ ಮಳೆಗಾಲದ ಮೋಡದ ದಿನಕ್ಕೆ ಮಾತ್ರ. ಎರಡನೇದು, ಸಿಲಿಂಡರ್ ಬುಕಿಂಗನ್ನ ನನ್ನ ಮೊಬೈಲಿಗೆ ತಗೊಂಡೆ. ನನ್ನ ಕರೆಂಟ್ ಬಿಲ್ ಹೇಗೆ ಕೇಳದೇ ಹೋಗುತ್ತೋ ಹಾಗೇ ಅವ್ವನ ಗ್ಯಾಸೂ ಕೇಳದೇ ಬರುತ್ತೆ. ಮೂರನೇದು, ರೊಟ್ಟಿ. ರೊಟ್ಟಿ ಕಟ್ಟಿಗೆ ಒಲೆ ಮೇಲೇ ಆಗಬೇಕು ಅಂದಳು, ವಾದ ಮಾಡಲಿಲ್ಲ. ಹೊಗೆಕೊಳವೆ ಇರೋ ಒಲೆ ಕಟ್ಟಿಸಿದ್ವಿ. ಬಡಿಯೋದು ಈಗ ಅತ್ತಿಗೆ, ಅವ್ವ ಬಾಗಿಲ ಹೊರಗೆ ಕೂತು ಹಿಟ್ಟು ನಾದಿ ಕೊಡ್ತಾಳೆ. ಅತ್ತಿಗೆಯ ಎದೆಯೂ ಎದೆಯೇ, ಅದು ನನಗೆ ಗೊತ್ತಿದೆ. ಕೆಲಸ ಇನ್ನೂ ಮುಗಿದಿಲ್ಲ.

ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ, ಹೋಗಲ್ಲ ಅಂತ ಡಾಕ್ಟ್ರು ಮೊದಲೇ ಹೇಳಿದ್ರು. ಆದರೆ ಹೋದ ಚಳಿಗಾಲ ರಾತ್ರಿ ಎದ್ದು ಕೂರಲಿಲ್ಲ.

ಇನ್ನು ನನ್ನ ಮನೆ. ಅಲ್ಲಿ ಹೀರೋತನ ಏನೂ ಇಲ್ಲ, ಬರೀ ಸಣ್ಣ ಲೆಕ್ಕ.

ನಾಲ್ಕು ಫ್ಯಾನ್ ಬದಲಾಯಿಸಿದ್ವಿ. ಹಳೇ ಫ್ಯಾನ್ 75 ವ್ಯಾಟ್, ಬಿಎಲ್‌ಡಿಸಿ ಫ್ಯಾನ್ 30. ದಿನಕ್ಕೆ ಹತ್ತು ಗಂಟೆ ಓಡೋ ತಿಂಗಳಲ್ಲಿ ನಾಲ್ಕು ಫ್ಯಾನಿಗೆ 54 ಯೂನಿಟ್ ಉಳಿತಾಯ. ನಾನು ಎಲ್ಲಕ್ಕಿಂತ ಮೊದಲು ಇದನ್ನ ಮಾಡಿ ಅಂತೀನಿ, ಯಾಕಂದ್ರೆ ಮನೆಯಲ್ಲಿ ಯಾರೂ ಏನೂ ಬಿಟ್ಟುಕೊಡಬೇಕಾಗಿಲ್ಲ. ಎಸಿಯನ್ನ 22ರಿಂದ 26ಕ್ಕೆ ತಂದು ಜೊತೆಗೆ ಫ್ಯಾನ್ ಹಾಕ್ತೀವಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6 ಉಳಿಯುತ್ತೆ ಅಂತ ಇಂಧನ ದಕ್ಷತಾ ಬ್ಯೂರೋ ಹೇಳುತ್ತೆ. ಮೊದಲ ವಾರ ಮಗಳು ಬಹಳ ಗಲಾಟೆ ಮಾಡಿದಳು, ಆಮೇಲೆ ಮರೆತಳು. 15 ಲೀಟರ್ ಗೀಸರ್ ಒಂದು ಸಲ 20 ಡಿಗ್ರಿಯಿಂದ 60ಕ್ಕೆ ಕಾಯೋಕೆ ಮುಕ್ಕಾಲು ಯೂನಿಟ್ ಹತ್ರ ತಗೊಳ್ಳುತ್ತೆ, ನಾವು ಬೆಳಗ್ಗೆ ಹಾಕಿ ಆಫೀಸಿಗೆ ಹೊರಡೋವಾಗ ಆಫ್ ಮಾಡ್ತಿದ್ವಿ. ಈಗ ಟೈಮರ್ ಇದೆ. ಕಾರನ್ನ ವಾರದಲ್ಲಿ ಎರಡು ದಿನ ಒಬ್ಬ ಸಹೋದ್ಯೋಗಿ ಜೊತೆ ಹಂಚ್ಕೊಳ್ತೀನಿ. ಊರಿಗೆ ಹೋಗೋದು ಈಗ ರೈಲಿನಲ್ಲಿ. 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಬಂದಿದೆ, ಹುಬ್ಬಳ್ಳಿಯಿಂದ ಮುಂದೆ ಬಸ್ಸು.

ಸೋತ ಕೆಲಸವೂ ಇದೆ. ನಮ್ಮ ಸೊಸೈಟಿಯ ಟೆರೇಸಿನ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸಿ ಲಿಫ್ಟು, ಪಂಪು ಓಡಿಸೋಣ ಅಂದೆ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 2400 ಯೂನಿಟ್ ಆಗುತ್ತೆ. 80 ಫ್ಲ್ಯಾಟಿನ ಸಾಮಾನ್ಯ ಬಳಕೆಯ ಅರ್ಧ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನವೂ ಇದೆ. ಎರಡು ಸಭೆ ಆದವು. ಒಬ್ಬರಿಗೆ ಟೆರೇಸ್ ಸೋರುತ್ತೆ ಅನ್ನೋ ಭಯ, ಇನ್ನೊಬ್ಬರು ಬಾಡಿಗೆಗೆ ಕೊಟ್ಟು ದುಬೈನಲ್ಲಿದ್ದಾರೆ. ಮೂರನೇ ಸಭೆಗೆ ನನ್ನ ಮರಾಠಿ ಸ್ವಲ್ಪ ಸುಧಾರಿಸ್ಕೊಂಡು ಹೋಗ್ತೀನಿ. [ನಗು]

ಒಂದು ವರ್ಷದ ಫಲಿತಾಂಶ: 310 ಯೂನಿಟ್ ಇದ್ದದ್ದು 230. ಪೆಟ್ರೋಲ್ 60 ಲೀಟರ್ ಇದ್ದದ್ದು 40. ತಿಂಗಳಿಗೆ ಸುಮಾರು 100 ಕೆಜಿ ಇಂಗಾಲ ಕಡಿಮೆ. ಅವ್ವನ ಕಟ್ಟಿಗೆಯನ್ನೆಲ್ಲ ಗ್ಯಾಸಿಗೆ ಬದಲಾಯಿಸಿದ್ರೂ 35. ನಾನು ಬಿಟ್ಟದ್ದರಲ್ಲಿ ಅವ್ವನಂಥ ಮೂರು ಮನೆ ಹೊಗೆಯಿಂದ ಹೊರಗೆ ಬರಬಹುದು, ಆದರೂ ಭೂಮಿಯ ಮೇಲಿನ ಭಾರ ಹೆಚ್ಚಲ್ಲ. ನಾನು ಬಿಟ್ಟದ್ದಾದರೂ ಏನು? ನಾಲ್ಕು ಡಿಗ್ರಿ ಎಸಿ, ಕಾರಿನಲ್ಲಿ ಒಬ್ಬನೇ ಕೂರೋ ಸುಖ.

ಹಳ್ಳಿ ಕಡಿಮೆ ಉಪಯೋಗಿಸುತ್ತೆ ಅಂತ ಹೊಗಳಬೇಡಿ. ಅದು ಯಾವಾಗಲೂ ತ್ಯಾಗ ಅಲ್ಲ, ಎಷ್ಟೋ ಸಲ ಇಲ್ಲದಿರೋದು. ಹಳ್ಳಿ ಹೊಗೆ ಬಿಡುತ್ತೆ ಅಂತ ಬೈಯಲೂ ಬೇಡಿ. ಕೆಲವು ಮನೆಗಳ ಲೆಕ್ಕ ಏರಬೇಕು, ಕೆಲವು ಮನೆಗಳದ್ದು ಇಳಿಯಬೇಕು. ಈ ಹಾಲಿನಲ್ಲಿ ಕೂತಿರೋ ನಮ್ಮಲ್ಲಿ ಬಹುತೇಕರಿಗೆ ಎರಡೂ ಥರದ ಮನೆ ಇದೆ, ಒಂದು ಇಲ್ಲಿ, ಒಂದು ಊರಲ್ಲಿ. ಹಾಗಾಗಿ ಈ ಕೆಲಸ ನಮಗೆ ಬೇರೆಯವರಿಗಿಂತ ಸುಲಭ.

ಹೋಗುವಾಗ ಎರಡು ಕೆಲಸ ಕೊಡ್ತೀನಿ. ಒಂದು, ಇವತ್ತು ರಾತ್ರಿ ಬಿಲ್ಲು ತೆಗೆದು ಯೂನಿಟ್ ನೋಡಿ, 0.7ರಿಂದ ಗುಣಿಸಿ. ಎರಡು, ಊರಿಗೆ ಫೋನ್ ಮಾಡಿ. ಊಟ ಆಯ್ತಾ ಅಂತ ಹೇಗೂ ಕೇಳ್ತೀವಿ. ಅದರ ಜೊತೆ ಇನ್ನೊಂದು ಕೇಳಿ: ಈ ವರ್ಷ ಎಷ್ಟು ಸಿಲಿಂಡರ್ ತುಂಬಿಸಿದ್ರಿ? ನಾಲ್ಕು ಅಂದ್ರೆ, ಉಳಿದ ಅಡುಗೆ ಎಲ್ಲಿ ಆಗ್ತಿದೆ ಅಂತ ಕೇಳಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಮ್ಮು ಕೇಳಿಸ್ತದಾ ನೋಡಿ.

ನಾನು ಐದು ತಿಂಗಳು ತಡವಾಗಿ ಕೇಳಿಸ್ಕೊಂಡೆ.